ಹಿಟ್ಟಿನ ಹುಂಜ, ಪ್ಲಾಸ್ಟಿಕ್ ವಿಮಾನ

2023ರ ಜನವರಿ 30ರಿಂದ ಫೆಬ್ರವರಿ 20ರವರೆಗೆ ಬೆಂಗಳೂರಿನ ಅಟ್ಟೂರಿನಲ್ಲಿ ಕೋಳಿ ಮಾರುವಂತಿರಲಿಲ್ಲ. ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಕೋಳಿ, ಕುರಿ, ಮೀನು ಯಾವುದರ ವ್ಯಾಪಾರವೂ ಕೂಡದು, ಹೋಟೆಲುಗಳಲ್ಲಿ ಮಾಂಸದಡುಗೆ ಬಡಿಸಕೂಡದು ಎಂದು ಮಹಾನಗರ ಪಾಲಿಕೆ ಆದೇಶ ಹೊರಡಿಸಿತ್ತು. ಮುಂದಿನ ಸಲ, 2025ರಲ್ಲಿ, ಈ ಗೆರೆ 13 ಕಿಲೋಮೀಟರಿಗೆ ಹಿಗ್ಗಿತು. ಇದಕ್ಕೆ ಕಾರಣ ಹಬ್ಬವೂ ಅಲ್ಲ, ಯಾವ ಮಹಾತ್ಮರ ಜಯಂತಿಯೂ ಅಲ್ಲ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ. ಬಿಸಾಡಿದ ಮಾಂಸದ ಚೂರಿಗೆ ಹದ್ದುಗಳು ಮುಕುರುತ್ತವೆ. ಒಂದು ಹದ್ದು ಎಂಜಿನ್ನಿನೊಳಗೆ ಹೋದರೆ ಸಾಕು, ವಿಮಾನಕ್ಕೂ ಗಂಡಾಂತರ, ಪೈಲಟ್ಟಿಗೂ ಗಂಡಾಂತರ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಕ್ಷಿಪಣಿ ಹೊತ್ತ ಯಂತ್ರಗಳ ಜಾತ್ರೆ ನಡೆಯಬೇಕೆಂದು ಊರಿಗೆ ಊರೇ ಮೂರು ವಾರ ಸಸ್ಯಾಹಾರಿಯಾಗುವುದನ್ನು ನೆನೆದರೆ, ಹದಿಮೂರನೆಯ ಶತಮಾನದ ಒಬ್ಬ ಕನ್ನಡ ಕವಿ ಎಲ್ಲೋ ಕೂತು ಮುಸಿಮುಸಿ ನಗುತ್ತಿರಬಹುದು ಅನ್ನಿಸುತ್ತದೆ. ಆ ಕವಿಯ ವಿಚಾರ ಆಮೇಲೆ.

ಅದೇ ಮೂರು ವಾರಗಳಲ್ಲಿ ಅಟ್ಟೂರು ಬಡಾವಣೆಯ ಮಹಡಿ ಕೋಣೆಯೊಂದರಲ್ಲಿ ಒಬ್ಬ ಹವ್ಯಾಸಿ ಮೇಜಿನ ಮುಂದೆ ಕೂತಿದ್ದಾನೆ ಎಂದಿಟ್ಟುಕೊಳ್ಳೋಣ. ಹೆಸರೇನೂ ಬೇಡ. ಮೇಜಿನ ಮೇಲೆ ಒಂದು ಕಿಟ್: ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ರೆಕ್ಕೆ, ಬಾಲ, ಚಕ್ರ, ಬಂದೂಕಿನ ನಳಿಗೆ ಎಲ್ಲ ಬಿಡಿಬಿಡಿಯಾಗಿ ಹಲಸಿನ ತೊಳೆಯ ಹಾಗೆ ಅಂಟಿಕೊಂಡಿವೆ. ಒಂದೊಂದನ್ನೂ ಚಿಮ್ಮಟದಂಥ ಕತ್ತರಿಯಿಂದ ಬಿಡಿಸಬೇಕು, ಕಡಿದ ಗುರುತನ್ನು ಉಪ್ಪು ಕಾಗದದಿಂದ ತಿಕ್ಕಬೇಕು, ಅಂಟು ಹಾಕುವ ಮೊದಲು ಒಣಗೈಯಲ್ಲಿ ಜೋಡಿಸಿ ನೋಡಬೇಕು. ಸಂದು ಬಿಟ್ಟರೆ ಪುಟ್ಟಿ, ಪುಟ್ಟಿ ಒಣಗಿದರೆ ಮತ್ತೆ ಉಪ್ಪು ಕಾಗದ. ಪ್ರೈಮರ್ ಹೊಡೆದ ಕೂಡಲೇ ಹಿಂದೆ ಕಾಣದ ಗೀರೆಲ್ಲ ಎದ್ದು ಕಾಣುತ್ತದೆ, ಮತ್ತೆ ತಿಕ್ಕು. ಈ ಕೆಲಸ ಹತ್ತಿರದಿಂದ ನೋಡಿದವರಿಗೆ ಗೊತ್ತು: ಬಣ್ಣ ಹಚ್ಚುವ ಹೊತ್ತಿಗಿಂತ ತಿಕ್ಕುವ ಹೊತ್ತೇ ಹೆಚ್ಚು.

ಅವನು ಆರಿಸಿಕೊಂಡಿರುವುದು ಡಿ ಹ್ಯಾವಿಲೆಂಡ್ ಮಾಸ್ಕಿಟೋ ಎಂಬ ಯುದ್ಧವಿಮಾನ. ಈ ಆಯ್ಕೆಗೆ ಊರಿನ ಕಾರಣವಿದೆ. 1944ರಲ್ಲಿ ಯಲಹಂಕದಲ್ಲಿ ಬ್ರಿಟಿಷ್ ವಾಯುಪಡೆಯ ಮಾಸ್ಕಿಟೋ ತರಬೇತಿ ಘಟಕವಿತ್ತು. ಬರ್ಮಾ ಯುದ್ಧಕ್ಕೆ ಹೊರಟ ಪೈಲಟ್‌ಗಳು ಬೇರೆ ವಿಮಾನಗಳಿಂದ ಇದಕ್ಕೆ ಬದಲಾಗಿ ಕೈ ಪಳಗಿಸಿಕೊಂಡದ್ದು ಈಗ ಅಟ್ಟೂರಿನ ಮಹಡಿಗಳ ಮೇಲೆ ನಿಂತು ಜನ ಕತ್ತೆತ್ತಿ ನೋಡುವ ಇದೇ ಆಕಾಶದಲ್ಲಿ. ಇನ್ನೊಂದು ಸ್ವಾರಸ್ಯವೆಂದರೆ ಮಾಸ್ಕಿಟೋ ಸ್ವತಃ ಒಂದು ದೊಡ್ಡ ಮಾದರಿ ವಿಮಾನದಂತೆಯೇ ಕಟ್ಟಿದ್ದು. ಮೈಯೆಲ್ಲ ಮರ. ಎರಡು ಪ್ಲೈವುಡ್ ಹಾಳೆಗಳ ನಡುವೆ ಬಾಲ್ಸಾ ಮರದ ಹಗುರ ಪದರ ಇಟ್ಟು ಒತ್ತಿ, ಎಡ ಹೋಳು ಬಲ ಹೋಳು ಬೇರೆಬೇರೆ ಮಾಡಿ, ಒಳಗಿನ ತಂತಿ ಕೊಳವೆಗಳನ್ನೆಲ್ಲ ಕೂರಿಸಿ, ಕೊನೆಗೆ ಎರಡನ್ನೂ ಸೇರಿಸಿ ಅಂಟಿಸುತ್ತಿದ್ದರು. ಕಿಟ್‌ನಲ್ಲಿ ಹವ್ಯಾಸಿ ಮಾಡುವುದೂ ಅದನ್ನೇ. ಮೊದಲ ವರ್ಷಗಳಲ್ಲಿ ಬಳಸಿದ ಅಂಟು ಕೇಸೀನ್, ಅಂದರೆ ಹಾಲಿನಿಂದ ತೆಗೆದದ್ದು. ಆಮೇಲೆ ಅದರ ಜಾಗಕ್ಕೆ ಫಾರ್ಮಾಲ್ಡಿಹೈಡ್ ಆಧಾರಿತ ಅಂಟು ಬಂತು. ಆದರೂ 1944ರ ನವೆಂಬರ್‌ನಲ್ಲಿ ಭಾರತದಲ್ಲಿದ್ದ ಮಾಸ್ಕಿಟೋಗಳನ್ನು ನೆಲಕ್ಕಿಳಿಸಿ ತಪಾಸಣೆ ಮಾಡಬೇಕಾಯಿತು. ಹಾರುತ್ತಿರುವಾಗಲೇ ರೆಕ್ಕೆಗಳ ಜೋಡಣೆ ಬಿಟ್ಟುಕೊಂಡ ಪ್ರಕರಣಗಳಿದ್ದವು. ನಮ್ಮ ಬಿಸಿಲು, ತೇವದ ತಪ್ಪೋ ಕಾರ್ಖಾನೆಯ ತಪ್ಪೋ ಎಂದು ಆಗಲೂ ವಾದ ನಡೆಯಿತು.

ಅಂಟು ಬಿಟ್ಟ ಮಾದರಿಯನ್ನು ಹವ್ಯಾಸಿ ಮತ್ತೆ ಅಂಟಿಸುತ್ತಾನೆ. ಆ ಎರಡು ಆಸನಗಳ ವಿಮಾನದಲ್ಲಿ ಕೂತವರಿಗೆ ಆ ಸೌಕರ್ಯವಿರಲಿಲ್ಲ.

ಇಲ್ಲಿಗೇ ಪ್ರಶ್ನೆ ಶುರು. ಮೂತಿಯಲ್ಲಿ ನಾಲ್ಕು ಮೆಷಿನ್‌ಗನ್, ಹೊಟ್ಟೆಯಲ್ಲಿ ನಾಲ್ಕು 20 ಮಿಲಿಮೀಟರ್ ಫಿರಂಗಿ ಹೊತ್ತು, ಬರ್ಮಾದ ನದಿಗಳ ಮೇಲೆ ತಗ್ಗಿನಲ್ಲಿ ಹಾರಿ ದೋಣಿ, ರೈಲು, ಲಾರಿ, ಸೇತುವೆಗಳನ್ನು ಉಡಾಯಿಸಿದ ಯಂತ್ರವಿದು. ಅದನ್ನು 72ನೇ ಒಂದು ಪಾಲಿಗೆ ಇಳಿಸಿ, 23 ಸೆಂಟಿಮೀಟರ್ ರೆಕ್ಕೆಯ ಮುದ್ದಾದ ವಸ್ತುವಾಗಿ ಮಾಡಿ, ಗಾಜಿನ ಕಪಾಟಿನಲ್ಲಿ, ಕೆಲವೊಮ್ಮೆ ದೇವರ ಕೋಣೆಯ ಪಕ್ಕದ ಗೋಡೆಯಲ್ಲೇ ಇಡುವುದು ಏನು? ಆಟವೇ, ಆರಾಧನೆಯೇ, ಮರೆವೇ? 'ಅಯ್ಯೋ, ಅದು ಬರೀ ಪ್ಲಾಸ್ಟಿಕ್' ಎನ್ನುವವರಿಗೆ ಉತ್ತರ ಹೇಳಲು ಕನ್ನಡದಲ್ಲೇ ಒಂದು ಕಾವ್ಯವಿದೆ.

ಹೊಯ್ಸಳ ಎರಡನೇ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಯಶೋಧರ ಚರಿತೆ ಬರೆದು ಮುಗಿಸಿದ. ಕಥೆ ಹಳೆಯದು, ಜೈನ ಪರಂಪರೆಯಲ್ಲಿ ಹಲವರು ಹೇಳಿದ್ದು. ಉಜ್ಜಯಿನಿಯ ಅರಸ ಯಶೋಧರ. ಅವನ ರಾಣಿ ಅಮೃತಮತಿ ಅಷ್ಟಾವಂಕನೆಂಬ ಕುರೂಪಿ ಮಾವುತನ ಹಾಡಿಗೆ ಮನಸೋಲುತ್ತಾಳೆ. ಇದನ್ನು ಕಣ್ಣಾರೆ ಕಂಡ ಅರಸ ಕತ್ತಿ ಎತ್ತಿ, ತಡೆದುಕೊಂಡು, ಹಿಂದಿರುಗುತ್ತಾನೆ. ಬೆಳಗಾದ ಮೇಲೆ ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ತಾಯಿ ದೇವಿಗೆ ಪ್ರಾಣಿಬಲಿ ಕೊಟ್ಟು ಶಾಂತಿ ಮಾಡಿಸು ಎನ್ನುತ್ತಾಳೆ. ಮಗ ಒಲ್ಲೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ಒಂದು ನಡುದಾರಿ ಹುಡುಕುತ್ತಾರೆ: ಜೀವವಿರುವ ಕೋಳಿ ಬೇಡ, ಹಿಟ್ಟಿನದು ಸಾಕು. ಹಿಟ್ಟಿನ ಹುಂಜ ತಯಾರಾಗುತ್ತದೆ. ಅದೆಷ್ಟು ಹುಂಜದಂತೆಯೇ ಇತ್ತೆಂದರೆ ಬೆಂತರವೊಂದು, ಅಂದರೆ ಪಿಶಾಚಿಯೊಂದು, ಬಂದು ಒಳಹೊಕ್ಕಿತು. ಯಶೋಧರ ಕತ್ತಿ ಬೀಸಿದ. ಹಿಟ್ಟಿನ ಹುಂಜ ಕೂಗಿತು.

ಆ ಕೂಗು ಬಿಡಲಿಲ್ಲ. ತಾಯಿ ಮಗ ಇಬ್ಬರೂ ರಾಣಿ ಇಟ್ಟ ವಿಷಕ್ಕೆ ಸತ್ತು, ನವಿಲು ನಾಯಿ, ಮೀನು ಮೊಸಳೆ ಎಂದು ಜನ್ಮದಿಂದ ಜನ್ಮಕ್ಕೆ ಉರುಳಿ, ಕೊನೆಗೆ ನಿಜವಾದ ಕೋಳಿಗಳಾಗಿಯೇ ಹುಟ್ಟಿ, ಆಮೇಲೆ ಅಭಯರುಚಿ ಅಭಯಮತಿ ಎಂಬ ಅವಳಿ ಮಕ್ಕಳಾಗಿ ಬರುತ್ತಾರೆ. ಚಂಡಮಾರಿಯ ಗುಡಿಯಲ್ಲಿ ಅವರನ್ನೇ ಬಲಿ ಕೊಡಲು ಹೊರಟ ಮಾರಿದತ್ತನ ಮುಂದೆ ಈ ಕಥೆ ಹೇಳುತ್ತಾರೆ. ಗಿರೀಶ ಕಾರ್ನಾಡರು 1980ರ 'ಹಿಟ್ಟಿನ ಹುಂಜ' ನಾಟಕದಲ್ಲಿ ಇದೇ ಕಥೆಯನ್ನು ಕೈಗೆತ್ತಿಕೊಂಡರು.

ಜೈನರ ಲೆಕ್ಕ ಇಲ್ಲಿ ಬಹಳ ಕಟ್ಟುನಿಟ್ಟು. ಕೈಯಲ್ಲಿ ನಡೆದದ್ದು ದ್ರವ್ಯಹಿಂಸೆ, ಮನಸ್ಸಿನಲ್ಲಿ ನಡೆದದ್ದು ಭಾವಹಿಂಸೆ. ಎರಡನೆಯದು ನಡೆದುಹೋದರೆ ಮೊದಲನೆಯದು ನಡೆಯಲಿಲ್ಲವೆಂದು ತಪ್ಪಿಸಿಕೊಳ್ಳುವಂತಿಲ್ಲ. ಯಶೋಧರ ಕೊಂದದ್ದು ಹಿಟ್ಟನ್ನಲ್ಲ. ಕೊಲ್ಲುವೆನೆಂದು ಸಂಕಲ್ಪ ಮಾಡಿಯೇ ಕತ್ತಿ ಎತ್ತಿದ. ಹಿಂದಿನ ರಾತ್ರಿ ಬೀಸದೆ ಬಿಟ್ಟ ಕತ್ತಿಯೇ ಮರುದಿನ ಹುಂಜದ ಮೇಲೆ ಬಿತ್ತೆಂದು ಓದಿಕೊಂಡರೂ ತಪ್ಪಿಲ್ಲ. ಪ್ರತಿಮೆ ಎನ್ನುವುದು ನಿರಪರಾಧಿ ಅಲ್ಲವೆಂದು ಇಷ್ಟು ನಿಷ್ಠುರವಾಗಿ ಹೇಳಿದ ಕಥೆಗಳು ವಿರಳ.

ಜನ್ನನಿಗಿಂತ ಮುಂಚೆ, 941ರಲ್ಲಿ, ಪಂಪ ಆದಿಪುರಾಣದಲ್ಲಿ ಇಂಥದ್ದೇ ಇನ್ನೊಂದು ಸಂಗತಿ ಹೇಳಿದ್ದ. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ತಡೆದು, ಇಷ್ಟು ಜನ ಸಾಯುವುದು ಬೇಡ, ನೀವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿ ತೀರಿಸಿಕೊಳ್ಳಿ ಎಂದರು. ಯುದ್ಧವನ್ನೇ ಅಳತೆಗೆ ತಕ್ಕಂತೆ ಕುಗ್ಗಿಸಿದ ಮಾದರಿ ಇದು. ಆದರೆ ಮೂರರಲ್ಲೂ ಸೋತ ಭರತ ತಡೆಯಲಾರದೆ ತಮ್ಮನ ಮೇಲೆ ಚಕ್ರ ಬಿಟ್ಟ. ಅಳತೆ ಕುಗ್ಗಿತ್ತು, ಒಳಗಿನದು ಕುಗ್ಗಿರಲಿಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವುದು ಗೆದ್ದ ಆ ಕ್ಷಣದಲ್ಲೇ ಎಲ್ಲವನ್ನೂ ಬಿಟ್ಟ ಬಾಹುಬಲಿ. ಅವನ ಪ್ರತಿಮೆಯನ್ನು ಕುಗ್ಗಿಸುವ ಬದಲು 57 ಅಡಿಗೆ ಹಿಗ್ಗಿಸಿದರು ಎನ್ನುವುದೂ ಗಮನಿಸಬೇಕಾದದ್ದೇ.

ಹಾಗಾದರೆ ಅಟ್ಟೂರಿನ ಹವ್ಯಾಸಿ ಯಶೋಧರನೇ? ಅಲ್ಲ. ಅವನು ಯಾರನ್ನೂ ಕತ್ತರಿಸುತ್ತಿಲ್ಲ, ಯಾವ ದೇವಿಗೂ ಏನನ್ನೂ ಒಪ್ಪಿಸುತ್ತಿಲ್ಲ. ಹೆಚ್ಚೆಂದರೆ ಹಿಟ್ಟಿನ ಹುಂಜ ತಿದ್ದಿದ ಕುಶಲಕರ್ಮಿಯ ಜಾಗದಲ್ಲಿದ್ದಾನೆ. ಜನ್ನನ ಕಥೆಯಲ್ಲಿ ಆ ಕುಶಲಕರ್ಮಿಗೆ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ಆದರೆ ಬೆಂತರ ಹೊಕ್ಕದ್ದು ಅವನ ಕೆಲಸದೊಳಕ್ಕೆ. ಹುಂಜ ಒರಟಾಗಿ, ಹಿಟ್ಟಿನ ಮುದ್ದೆಯಂತೆ ಇದ್ದಿದ್ದರೆ ಬೆಂತರಕ್ಕೆ ಅದು ಬೇಕಾಗುತ್ತಿತ್ತೇ? ಎಷ್ಟು ತದ್ರೂಪವಾದರೆ ಅಷ್ಟು ಅಪಾಯ. ತದ್ರೂಪವೇ ಗುರಿಯಾದ ಹವ್ಯಾಸಕ್ಕೆ ಇದು ನೇರವಾಗಿ ತಟ್ಟುವ ಮಾತು.

ಈ ಹವ್ಯಾಸದ ಇತಿಹಾಸವೂ ಅಷ್ಟೇನೂ ಹಾಲುಗಲ್ಲದ್ದಲ್ಲ. ಒಂದಿಂಚಿಗೆ ಆರಡಿ, ಅಂದರೆ 72ನೇ ಒಂದು ಎಂಬ ಅಳತೆ ಇಂಗ್ಲೆಂಡಿನಲ್ಲಿ 1930ರ ದಶಕದ ಸ್ಕೈಬರ್ಡ್ಸ್ ಮರದ ಕಿಟ್‌ಗಳಿಂದ ಬಳಕೆಗೆ ಬಂತು. 1936ರಲ್ಲಿ ಫ್ರಾಗ್ ಪೆಂಗ್ವಿನ್ ಹೆಸರಿನ ಪ್ಲಾಸ್ಟಿಕ್ ಕಿಟ್‌ಗಳು ಅದನ್ನೇ ಹಿಡಿದವು. ಯುದ್ಧ ಬಂದಾಗ ಈ ಆಟಿಕೆ ಸೈನ್ಯ ಸೇರಿತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮಾದರಿ ವಿಮಾನಗಳನ್ನು ಕೇಳಿತು. ಮಕ್ಕಳು ಮರ ಕೆತ್ತಿ, ಕಪ್ಪು ಬಣ್ಣ ಬಳಿದು ಕೊಟ್ಟರು. 72ನೇ ಒಂದರ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ಅರ್ಧ ಮೈಲಿಯಾಚೆಯ ನಿಜ ವಿಮಾನದಷ್ಟೇ ಕಾಣುತ್ತದೆ. ಯಾವುದು ನಮ್ಮದು, ಯಾವುದು ಶತ್ರುವಿನದು, ಯಾವುದರ ಮೇಲೆ ಗುಂಡು ಹಾರಿಸಬೇಕು ಎಂದು ಫಿರಂಗಿ ಹಿಡಿದವರಿಗೆ ಕಲಿಸಲು ಈ ಮಕ್ಕಳ ಕೈಕೆಲಸ. ಅಲ್ಲಿ ತದ್ರೂಪವೆನ್ನುವುದು ಸಾವು ಬದುಕಿನ ವಿಷಯ: ತಪ್ಪು ಕೆತ್ತಿದರೆ ನಮ್ಮವನೇ ಸತ್ತಾನು, ಸರಿ ಕೆತ್ತಿದರೆ ಪರರವನು ಸತ್ತಾನು.

ಬರ್ಮಾ ರಂಗದ ವಿಮಾನಕ್ಕೆ ಬಣ್ಣ ಬಳಿಯುವಾಗ ಇದರ ಗುರುತು ಇಂದಿಗೂ ಕೈಗೆ ತಗಲುತ್ತದೆ. ಬ್ರಿಟಿಷ್ ವಾಯುಪಡೆಯ ವೃತ್ತಚಿಹ್ನೆಯ ನಡುವೆ ಕೆಂಪು ಬೊಟ್ಟಿರುತ್ತದೆ. ಆದರೆ ಪೂರ್ವ ರಂಗದಲ್ಲಿ ಆ ಕೆಂಪನ್ನು ತೆಗೆದುಹಾಕಿ ನೀಲಿ, ತಿಳಿನೀಲಿ ಮಾತ್ರ ಉಳಿಸಿದರು. ಕೆಂಪು ಕಂಡರೆ ಜಪಾನಿನ ಸೂರ್ಯನೆಂದು ತಪ್ಪು ತಿಳಿದು ತಮ್ಮವರೇ ಗುಂಡಿಟ್ಟಾರೆಂಬ ಭಯ. ಅಲ್ಲಿ ಹೋರಾಡಿದ ಭಾರತೀಯ ಸ್ಕ್ವಾಡ್ರನ್‌ಗಳ ಹರಿಕೇನ್, ಸ್ಪಿಟ್‌ಫೈರ್‌ಗಳ ಮೇಲೂ ಇದೇ ಕೆಂಪಿಲ್ಲದ ಬೊಟ್ಟು. ಗೊತ್ತಿಲ್ಲದವನು ಯೂರೋಪಿನ ಚಿಹ್ನೆ ಅಂಟಿಸಿಬಿಡುತ್ತಾನೆ. ಗೊತ್ತಿದ್ದವನು ಸರಿಯಾದ ಡೆಕಾಲ್ ಹುಡುಕಿ, ನೀರಿನಲ್ಲಿ ನೆನೆಸಿ, ಕುಂಚದ ತುದಿಯಿಂದ ಜಾರಿಸಿ ಕೂರಿಸುತ್ತಾನೆ. ಆ ಒಂದು ಕ್ಷಣ ಅವನ ಕೈಯಲ್ಲಿರುವುದು ಬಣ್ಣದ ತೆಳುಪೊರೆಯಲ್ಲ, ಒಬ್ಬ ಪೈಲಟ್ಟಿನ ಹೆದರಿಕೆ.

ಅಲ್ಲಿಂದ ಮುಂದೆ ಹವ್ಯಾಸಿಯ ನಿಷ್ಠೆ ವಿಚಿತ್ರವಾಗಿ ಸೊಟ್ಟಗಾಗುತ್ತದೆ. ಹೊಸ ವಿಮಾನದಂತೆ ಫಳಫಳ ಹೊಳೆಯುವ ಮಾದರಿಗೆ ಪಳಗಿದವರ ನಡುವೆ ಬೆಲೆಯಿಲ್ಲ. ಬಳಸಿ ಸವೆದಂತೆ ಕಾಣಬೇಕು. ಅದಕ್ಕೆ ಅಡುಗೆಮನೆಯ ಉಪ್ಪೂ ಬೇಕಾಗುತ್ತದೆ: ಲೋಹದ ಬಣ್ಣದ ಮೇಲೆ ಒದ್ದೆ ಮಾಡಿ ಉಪ್ಪಿನ ಹರಳು ಉದುರಿಸಿ, ಮೇಲಿನ ಬಣ್ಣ ಹೊಡೆದು, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಬಣ್ಣ ಕಿತ್ತುಹೋದಂತೆ ಕಲೆಗಳು ಮೂಡುತ್ತವೆ. (ಮಾಸ್ಕಿಟೋಗೆ ಇದನ್ನು ಮಾಡಿ ನಗೆಗೀಡಾದವರಿದ್ದಾರೆ. ಮರದ ವಿಮಾನದ ಬಣ್ಣ ಕಿತ್ತರೆ ಕೆಳಗೆ ಅಲ್ಯೂಮಿನಿಯಂ ಎಲ್ಲಿಂದ ಬರಬೇಕು?) ಎಂಜಿನ್ನಿನ ಹೊಗೆಗೆ ಬೂದು, ಎಣ್ಣೆ ಸೋರಿದ್ದಕ್ಕೆ ಕಂದು, ಫಿರಂಗಿ ಬಾಯಿಯ ಮಸಿಗೆ ಕಪ್ಪು. ಗುಂಡು ಹಾರಿದ್ದರ ಮಸಿಯನ್ನು ಇಷ್ಟು ಪ್ರೀತಿಯಿಂದ ಬಳಿಯುವ ಕೈ, ಗುಂಡು ತಗಲಿದ ಕಡೆ ಏನಾಯಿತೆಂಬುದರತ್ತ ಹೋಗುವುದೇ ಇಲ್ಲ. ಅದಕ್ಕೆ ಬಣ್ಣದ ಡಬ್ಬಿಯಲ್ಲಿ ಜಾಗವಿಲ್ಲ. ಹೊಡೆದುರುಳಿಸಿದ ವಿಮಾನಗಳ ಲೆಕ್ಕವಾಗಿ ಮೂತಿಯ ಪಕ್ಕ ಪುಟ್ಟ ಧ್ವಜಗಳ ಸಾಲು ಮಾತ್ರ ಡೆಕಾಲ್ ಹಾಳೆಯಲ್ಲಿ ಬರುತ್ತದೆ, ಒಂದೊಂದೂ ಸಾಸಿವೆ ಕಾಳಿನಷ್ಟು. ಜನ್ನನನ್ನು ಓದಿದವನ ಕೈ ನಡುಗಬೇಕಾದ ಜಾಗ ಅದು. ಹಿಟ್ಟಿನ ಹುಂಜದ ಕತ್ತಿನ ಗೆರೆ ಅಲ್ಲಿದೆ.

ಕರ್ನಾಟಕದಲ್ಲಿ ಆಯುಧವನ್ನು ಕಣ್ಣಿಗೊತ್ತಿಕೊಳ್ಳುವುದು ಹೊಸತಲ್ಲ. ಮಹಾನವಮಿಯಂದು ಯಲಹಂಕದ ಗ್ಯಾರೇಜಿನ ಸ್ಪ್ಯಾನರಿನಿಂದ ಹಿಡಿದು ಪೊಲೀಸ್ ಠಾಣೆಯ ಬಂದೂಕಿನವರೆಗೆ ಎಲ್ಲಕ್ಕೂ ಕುಂಕುಮ. 2019ರ ವಿಜಯದಶಮಿಗೆ, ಅಕ್ಟೋಬರ್ 8ರಂದು, ರಕ್ಷಣಾ ಸಚಿವ ರಾಜನಾಥ್ ಸಿಂಗ್ ಫ್ರಾನ್ಸಿನಲ್ಲಿ ಮೊದಲ ರಫೇಲ್ ವಿಮಾನ ಪಡೆದಾಗ ಅದರ ಮೇಲೆ ಓಂ ಬರೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಹೊರಗಿನವರಿಗೆ ಅದು ತಮಾಷೆಯಾಗಿ ಕಂಡಿತು. ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಹಚ್ಚಿದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಅಂಗಡಿ ಮುಂದೆ ಒಡೆಯುವ ಬೂದುಗುಂಬಳಕಾಯಿಯನ್ನು ಸ್ವಲ್ಪ ನಿಂತು ನೋಡಬೇಕು. ತಿರುಳಿಗೆ ಕುಂಕುಮ ತುಂಬಿ, ಕೆಂಪು ಕೆಂಪಾಗಿ ರಸ್ತೆಗೆ ಬಿದ್ದು ಹೋಳಾಗುವ ಆ ಕಾಯಿ ಯಾವುದರ ಬದಲಿಗೆ ಬಂದದ್ದೆಂದು ಎಲ್ಲರಿಗೂ ಒಳಗೊಳಗೇ ಗೊತ್ತು. ಬಲಿಯನ್ನು ಬಿಟ್ಟು ಬಲಿಯ ರೂಪವನ್ನು ಇಟ್ಟುಕೊಂಡ ಜನ ನಾವು. ಇದು ಸುಧಾರಣೆಯೇ, ಅಥವಾ ಚಂದ್ರಮತಿ ಹೇಳಿಕೊಟ್ಟ ಉಪಾಯವೇ? ಎರಡೂ ಹೌದೆನ್ನುವುದೇ ಪ್ರಾಮಾಣಿಕ ಉತ್ತರ. ಒಂದು ಕುರಿ ಉಳಿಯಿತಲ್ಲ, ಅದನ್ನು ಕಡೆಗಣಿಸುವ ತತ್ತ್ವಶಾಸ್ತ್ರ ಯಾರಿಗೂ ಬೇಡ. ಪಾಲಿಕೆಯ ಆದೇಶದಿಂದ ಮೂರು ವಾರ ಬದುಕಿದ ಕೋಳಿಗಳಿಗೂ ಕಾರಣದ ಗೊಡವೆ ಇರಲಿಲ್ಲ.

ರೂಪ ಹಾಗೇ ಉಳಿದು ಒಳಗಿನ ಅರ್ಥ ತಲೆಕೆಳಗಾಗುವುದಕ್ಕೆ ಬೆಂಗಳೂರಿನಲ್ಲೇ ಇನ್ನೂ ಕಟುವಾದ ಉದಾಹರಣೆ ಇದೆ. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನಗಳಲ್ಲಿ ಹವ್ಯಾಸಿಗಳು ಬಹಳ ಕಟ್ಟುವವುಗಳಲ್ಲಿ ಒಂದು ಫೋಕ್-ವುಲ್ಫ್ 190. 1939ರ ಜೂನ್ 1ರಂದು ಮೊದಲು ಹಾರಿದ ಅದನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಹತ್ತು ವರ್ಷ ಮೀರಿ ದುಡಿದು, ದೇಶದಲ್ಲೇ ರೂಪಿಸಿದ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಕೊಟ್ಟರು. ಹೆಸರು ಮರುತ್, ವೇದದ ಗಾಳಿದೇವತೆಗಳದು. ಲೋಹದ ವಿಮಾನ ಹಾರುವುದಕ್ಕೆ ಮುಂಚೆ ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ, 1959–60ರಲ್ಲಿ 78 ಸಲ ಹಾರಿಸಿ ಪರೀಕ್ಷಿಸಿದರು. ಹಾಗಾಗಿ ಮರುತ್ ಕೂಡ ಮೊದಲು ಮಾದರಿಯಾಗಿಯೇ ಹುಟ್ಟಿದ್ದು. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದದ್ದನ್ನು ಹಾರಿಸಿದರು. 1970ರಲ್ಲಿ ಅದೇ ಮರುತ್‌ನ ಇನ್ನೊಂದು ರೂಪವನ್ನು ಪರೀಕ್ಷಿಸುವಾಗ ಅವರು ಸತ್ತರು. ಎಚ್‌ಎಎಲ್ ಸಂಗ್ರಹಾಲಯದಲ್ಲಿ ನಿಂತಿರುವ ಮರುತ್ ಮುಂದೆ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ.

ಈಗ ಫೋಕ್-ವುಲ್ಫ್ ಕಿಟ್‌ನ ಪೆಟ್ಟಿಗೆ ತೆರೆಯಬೇಕು. ಬಾಲದ ಮೇಲಿನ ಸ್ವಸ್ತಿಕ ಎಷ್ಟೋ ಪೆಟ್ಟಿಗೆಗಳ ಚಿತ್ರದಲ್ಲಿ ಇರುವುದೇ ಇಲ್ಲ. ಜರ್ಮನಿಯ ಕಾನೂನು ಅದನ್ನು ಪ್ರದರ್ಶಿಸುವುದನ್ನು ನಿಷೇಧಿಸಿರುವುದರಿಂದ ಕೆಲವು ಕಂಪನಿಗಳು ಡೆಕಾಲ್‌ನಲ್ಲಿ ಅದನ್ನು ಬಿಟ್ಟುಬಿಡುತ್ತವೆ, ಕೆಲವು ಎರಡು ತುಂಡಾಗಿ ಮುದ್ರಿಸಿ, ಬೇಕಾದವರು ಜೋಡಿಸಿಕೊಳ್ಳಲಿ ಎಂದು ಕೈ ತೊಳೆದುಕೊಳ್ಳುತ್ತವೆ. ಅಟ್ಟೂರಿನ ಹವ್ಯಾಸಿ ಆ ಎರಡು ತುಂಡುಗಳನ್ನು ಚಿಮ್ಮಟದಲ್ಲಿ ಹಿಡಿದು ಕೂತಿದ್ದರೆ, ಅದೇ ಹೊತ್ತಿಗೆ ಅವನ ಮನೆ ಬಾಗಿಲಲ್ಲಿ ರಂಗೋಲಿ ಹಿಟ್ಟಿನಲ್ಲಿ ಸ್ವಸ್ತಿಕ ಇರಬಹುದು, ಸ್ಕೂಟರಿನ ಮೇಲೆ ಅರಿಶಿನದಲ್ಲಿ ಇರಬಹುದು. ಜೈನರಿಗೆ ಅದು ಏಳನೇ ತೀರ್ಥಂಕರ ಸುಪಾರ್ಶ್ವನಾಥನ ಲಾಂಛನ. ಒಂದಿರುವೆಯೂ ಸಾಯಬಾರದೆಂದವರ ಚಿಹ್ನೆ. ವಿಮಾನದ ಬಾಲದ ಮೇಲೆ ಅದನ್ನು ಓರೆಯಾಗಿಸಿ ಮೂಲೆಯ ಮೇಲೆ ನಿಲ್ಲಿಸಿದ್ದಾರೆ, ಅಷ್ಟೇ ವ್ಯತ್ಯಾಸ. 45 ಡಿಗ್ರಿ ತಿರುಗಿಸಿದರೆ ಮನೆಯದಾಗುತ್ತದೆ. 'ನಮಗೆ ಅದು ಮಂಗಳ ಚಿಹ್ನೆ, ನಮಗೇನು ಸಂಕೋಚ' ಎಂದು ಸಲೀಸಾಗಿ ಅಂಟಿಸುವವರಿದ್ದಾರೆ. ಆ ಸಲೀಸು ಸರಿಯಲ್ಲ. ರಂಗೋಲಿಯಲ್ಲಿ ಬರೆದವಳ ಭಾವ ಅದರಲ್ಲಿದೆ, ಬಾಲದ ಮೇಲೆ ಬರೆದವನ ಭಾವ ಇದರಲ್ಲಿದೆ. ಭಾವವೇ ಲೆಕ್ಕಕ್ಕೆ ಬರುವುದೆಂದು ಜನ್ನನಿಂದ ಕಲಿತವರು ಇಲ್ಲಿಗೆ ಬಂದಾಗ ಮಾತ್ರ ಆಕಾರವೊಂದೇ ಸಾಕು ಎನ್ನುವಂತಿಲ್ಲ.

ಇಷ್ಟೆಲ್ಲ ಆದಮೇಲೂ ಈ ಹವ್ಯಾಸದ ಪರವಾಗಿ ಹೇಳಲು ಒಂದು ಗಟ್ಟಿ ಮಾತಿದೆ. ಅದು ಡೆಕಾಲ್ ಹಾಳೆಯಿಂದಲೇ ಹುಟ್ಟುವುದು. ರೆಕ್ಕೆಗೆ ಬಣ್ಣ ಮುಗಿದ ಮೇಲೆ ಹವ್ಯಾಸಿ ಒಂದು ಸಂಖ್ಯೆ ಆರಿಸಲೇಬೇಕು. ಮಾಸ್ಕಿಟೋ ಎಂಬುದೊಂದು ಲೋಕದಲ್ಲಿ ಇರಲಿಲ್ಲ; ಇದ್ದದ್ದು ಈ ಸಂಖ್ಯೆಯ, ಈ ಸ್ಕ್ವಾಡ್ರನ್ನಿನ, ಇಂಥ ದಿನ ಇಂಥವರು ಹಾರಿಸಿದ ಮಾಸ್ಕಿಟೋ. ಯಾರದ್ದು ಎಂದು ಕೇಳಿಕೊಂಡ ಕೂಡಲೇ ಅವನು ಬಣ್ಣ ಬಿಟ್ಟು ಪುಸ್ತಕ ಹಿಡಿಯಬೇಕಾಗುತ್ತದೆ.

ಕೊಡಗಿನವರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಮಿಸ್ತೇರ್ ವಿಮಾನ ಕಟ್ಟಲು ಹೊರಟವನಿಗೆ ಆಗುವುದೂ ಇದೇ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ತಂಡದಲ್ಲಿ ದೇವಯ್ಯ ಇದ್ದದ್ದು ಬದಲಿ ಪೈಲಟ್ ಆಗಿ. ಯಾರಾದರೂ ಹಿಂದುಳಿದರೆ ಮಾತ್ರ ಅವರು ಹೋಗಬೇಕು. ಹೋಗಬೇಕಾಯಿತು. ದಾರಿಯಲ್ಲಿ ಶಬ್ದದ ಎರಡು ಪಟ್ಟು ವೇಗದ ಎಫ್-104 ಎದುರಾಯಿತು. ಅದಕ್ಕಿಂತ ಎಷ್ಟೋ ನಿಧಾನದ ಮಿಸ್ತೇರ್‌ನಲ್ಲಿ ದೇವಯ್ಯ ತಿರುಗಿ ಬಿದ್ದು ಕಾದಿದರು. ಎಫ್-104 ಬಿತ್ತು, ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಬರೀ ಕಾಣೆಯಾದವರ ಪಟ್ಟಿಯಲ್ಲಿ ಹೆಸರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಿಂದ ವಿಷಯ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಎದುರಾಳಿಯೊಡನೆ ಕಾದಿ ಸತ್ತವನ ಶೌರ್ಯಕ್ಕೆ ಸಾಕ್ಷಿ ಸಿಕ್ಕಿದ್ದು ಆ ಎದುರಾಳಿಯ ಕಡೆಯಿಂದಲೇ!

ಇದನ್ನು ಓದಿದ ಮೇಲೆ 15 ಸೆಂಟಿಮೀಟರಿನ ಆ ಬೆಳ್ಳಿಬಣ್ಣದ ರೆಕ್ಕೆ ಮೊದಲಿನಂತೆ ಉಳಿಯುವುದಿಲ್ಲ. ಬೆಂತರ ಹೊಕ್ಕಾಗಿದೆ. ಹೊಕ್ಕದ್ದು ಕೇಡಿನದೇ ಆಗಬೇಕೆಂದಿಲ್ಲ. ಎಫ್-104ರ ಕಿಟ್ ಕೂಡ ಅಂಗಡಿಯಲ್ಲಿ ಸಿಗುತ್ತದೆ; ಲಾಹೋರಿನಲ್ಲೋ ಕರಾಚಿಯಲ್ಲೋ ಒಬ್ಬ ಅಮ್ಜದ್ ಹುಸೇನರ ವಿಮಾನವನ್ನು ಇಷ್ಟೇ ಶ್ರದ್ಧೆಯಿಂದ ತಿಕ್ಕುತ್ತಿರಬಹುದು. ಒಂದೇ ಅಚ್ಚಿನಿಂದ ಬಂದ ಪ್ಲಾಸ್ಟಿಕ್, ಗಡಿಯ ಈಚೆಗೂ ಆಚೆಗೂ.

ಕಾದಿ ಸತ್ತವನ ಹೆಸರನ್ನು ಹೀಗೆ ಉಳಿಸಿಕೊಳ್ಳುವುದು ಈ ಊರಿನ ಹಳೆಯ ರೂಢಿ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750ರ ವೀರಗಲ್ಲು, ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನ. ರಟ್ಟವಾಡಿಯ ದಂಡು ನುಗ್ಗಿದಾಗ ಕಾದಿ ಸತ್ತ ಕಿತ್ತಯ್ಯ ಎಂಬವನ ನೆನಪಿಗೆ ನಿಲ್ಲಿಸಿದ್ದು. ಅಟ್ಟೂರಿನಿಂದ ಹೆಚ್ಚು ದೂರವೇನಿಲ್ಲ. ಕಿತ್ತಯ್ಯ ರಾಜನಲ್ಲ, ಸೇನಾಪತಿಯಲ್ಲ; ಕಲ್ಲಿಲ್ಲದಿದ್ದರೆ ಅವನ ಹೆಸರೂ ಇರುತ್ತಿರಲಿಲ್ಲ. ನಮ್ಮ ಶಿಲ್ಪಿಗಳು ಯುದ್ಧದ ಮಾದರಿಯನ್ನು ಮಾಡುತ್ತಿದ್ದ ರೀತಿ ಇದು. ಮುಂದಿನ ಶತಮಾನಗಳ ವೀರಗಲ್ಲುಗಳಲ್ಲಿ ಇದಕ್ಕೆ ಒಂದು ಕ್ರಮವೇ ಬಂತು: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕೂತ ಅವನು. ಆಯುಧ ಕೆಳಗಿನ ಪಟ್ಟಿಕೆಯಲ್ಲೇ ಉಳಿಯುತ್ತದೆ. ಕಿಟ್ ಮಾಡುವವರು ಕೊಡುವುದು ಆ ಕೆಳಗಿನ ಪಟ್ಟಿಕೆ ಮಾತ್ರ, ಅದರಲ್ಲೂ ಮನುಷ್ಯನನ್ನು ತೆಗೆದು ಕುದುರೆಯನ್ನಷ್ಟೇ ಉಳಿಸಿದ ಹಾಗೆ. ಒಂದಿಂಚಿಗೆ ಆರಡಿ ಎಂದರೆ ಒಬ್ಬ ಆಳುದ್ದದ ಮನುಷ್ಯನಿಗೆ ಸರಿಯಾಗಿ ಒಂದಿಂಚು. ಮನುಷ್ಯನ ಮೈಯಳತೆಗೇ ಹೊಂದಿಕೊಂಡಂತಿರುವ ಈ ಹವ್ಯಾಸದಲ್ಲಿ ಆ ಒಂದಿಂಚಿನವನನ್ನು ಬಹುಪಾಲು ಹವ್ಯಾಸಿಗಳು ಕೂರಿಸುವುದೇ ಇಲ್ಲ. ಪೈಲಟ್ ಗೊಂಬೆ ಕಿಟ್‌ನಲ್ಲಿ ಬಂದರೂ ಡಬ್ಬಿಯಲ್ಲೇ ಬಿಡುತ್ತಾರೆ. ಮುಖಕ್ಕೆ ಬಣ್ಣ ಹಚ್ಚುವುದು ಕಷ್ಟ, ಆಸನದ ಕೆಲಸವೆಲ್ಲ ಮುಚ್ಚಿಹೋಗುತ್ತದೆ ಎಂದು ಕಾರಣ ಕೊಡುತ್ತಾರೆ. ಕಾರಣ ನಿಜವೇ. ಆದರೂ ಸಾಲು ಸಾಲು ಯುದ್ಧವಿಮಾನಗಳು ಒಬ್ಬರೂ ಇಲ್ಲದೆ ಕಪಾಟಿನಲ್ಲಿ ನಿಂತಿರುವುದನ್ನು ನೋಡಿದರೆ, ಯಾರ ಕೈಯೂ ಸೋಕದೆ ಯುದ್ಧ ತಾನಾಗಿಯೇ ನಡೆದುಹೋಯಿತೇನೋ ಅನ್ನಿಸುವುದುಂಟು.

2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ತೆರೆಯುವ ಹಿಂದಿನ ದಿನ, ಯಲಹಂಕದ ಮೇಲೆ ಅಭ್ಯಾಸ ಮಾಡುತ್ತಿದ್ದ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಸತ್ತರು. ಇನ್ನಿಬ್ಬರು ಹೊರಗೆ ಹಾರಿ ಉಳಿದರು. ಕೆಳಗೆ ಬಿದ್ದ ಅವಶೇಷಗಳ ಸುತ್ತ ಹತ್ತಿರದ ಬಡಾವಣೆಯ ಜನ ನೆರೆದರು. ಮಾರನೆಯ ದಿನ ಪ್ರದರ್ಶನ ಶುರುವಾಯಿತು. ಕೆಂಪು ಬಿಳಿ ಬಣ್ಣದ ಆ ಹಾಕ್ ವಿಮಾನಗಳನ್ನು ಅಂಗಡಿಯ ಕಿಟ್‌ನಿಂದ ಕಟ್ಟಿ, ಸೂರ್ಯಕಿರಣದ ಬಣ್ಣ ಬಳಿದು ಇಟ್ಟುಕೊಂಡವರು ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. ಆ ವಾರ ಅವರು ಕಪಾಟಿನ ಮುಂದೆ ನಿಂತು ಏನು ನೋಡಿರಬಹುದು?

ಮಹಡಿ ಕೋಣೆಯ ಮಾಸ್ಕಿಟೋ ಮುಗಿಯುತ್ತ ಬಂದಿದೆ. ಬಿಸಿಲಿನ ಕಾವು ತಡೆಯಲೆಂದು ಪೂರ್ವ ರಂಗದಲ್ಲಿ ಎಷ್ಟೋ ಮಾಸ್ಕಿಟೋಗಳಿಗೆ ಬೆಳ್ಳಿಬಣ್ಣ ಹಚ್ಚಿದ್ದರೆಂದು ಇವನೂ ಬೆಳ್ಳಿಬಣ್ಣವನ್ನೇ ಹೊಡೆದಿದ್ದಾನೆ. ಅದು ಒಂದು ಗೀರನ್ನೂ ಮರೆಮಾಡುವುದಿಲ್ಲ, ಮೂರು ಸಲ ತಿಕ್ಕಿ ಮತ್ತೆ ಹೊಡೆದದ್ದಾಯಿತು. ಕೆಂಪಿಲ್ಲದ ಬೊಟ್ಟುಗಳು ಒಣಗಿವೆ. ಪುಟ್ಟ ಧ್ವಜಗಳ ಸಾಲು ಹಾಳೆಯಲ್ಲೇ ಉಳಿದಿದೆ. ಉಳಿದದ್ದು ಗಾಜಿನಂಥ ಮುಚ್ಚಳ. ಅದಕ್ಕೆ ಬಿರುಸಾದ ಅಂಟು ಹಾಕಿದರೆ ಪಾರದರ್ಶಕ ಪ್ಲಾಸ್ಟಿಕ್ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಅದಕ್ಕೇ ಎಲ್ಲರೂ ಬಳಸುವುದು ಶಾಲೆ ಮಕ್ಕಳ ಫೆವಿಕಾಲ್, ಹಾಲಿನಂತೆ ಬಿಳಿ, ಒಣಗಿದ ಮೇಲೆ ಕಾಣುವುದೇ ಇಲ್ಲ. ಡಬ್ಬಿಯ ತಳದಿಂದ ಅವನು ಎರಡು ಒಂದಿಂಚಿನ ಗೊಂಬೆಗಳನ್ನು ಹೊರತೆಗೆದು, ಬೆಂಕಿಕಡ್ಡಿಯ ತುದಿಗೆ ಒಂದೊಂದನ್ನು ಅಂಟಿಸಿ, ಮೇಜಿನ ದೀಪದ ಕೆಳಗೆ ಹಿಡಿದಿದ್ದಾನೆ. ಮೈಬಣ್ಣ ಯಾವುದು ಹಾಕಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಮುಚ್ಚಳ ಒಂದು ಪಕ್ಕಕ್ಕೆ, ಫೆವಿಕಾಲಿನ ಬಾಯಿ ತೆರೆದೇ ಇದೆ.